ಕೈಕೆಲಸಕ್ಕೆ ಕೈಕೆಲಸ: ಊರಿನೊಳಗೇ ವಿನಿಮಯದ ಲೆಕ್ಕ ಇಡುವ ಕ್ರಮ

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆಯ ಕೃಷಿಕರಿಗೆ ಶ್ರಮ ವಿನಿಮಯ ಹೊಸದಲ್ಲ. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ಸಂಘಗಳಲ್ಲಿ ಐದರಿಂದ ಎಂಟು ಮಂದಿ ಸಣ್ಣ ರೈತರು ವಾರಕ್ಕೊಂದು ದಿನ, ಸರದಿಯಂತೆ ಒಬ್ಬೊಬ್ಬರ ಜಮೀನಿನಲ್ಲಿ ಸೇರಿ ದುಡಿಯುತ್ತಾರೆ. ಕೂಲಿಯ ಮಾತಿಲ್ಲ. ಮುಯ್ಯಾಳು ಪದ್ಧತಿಯ ತಿರುಳೂ ಇದೇ.

ಆದರೆ ಇಲ್ಲಿ ಆಳಿಗೆ ಆಳು ಮಾತ್ರ ಸಂದಾಯವಾಗುತ್ತದೆ. ಚಾಪೆ ಹೆಣೆಯುವವರಿಗೆ ರವಿಕೆ ಹೊಲಿಸಬೇಕಿದ್ದು, ಹೊಲಿಯುವವರಿಗೆ ಚಾಪೆ ಬೇಡವಾಗಿದ್ದರೆ ಈ ಕ್ರಮ ಸಾಲದು. ಊರಿನವರೇ ತಮ್ಮೊಳಗೆ ಲೆಕ್ಕ ಇಡುವ ಸಮುದಾಯ ನಾಣ್ಯ ನೆರವಾಗುವುದು ಅಂಥಲ್ಲಿ. 1983ರಲ್ಲಿ ಮೈಕೆಲ್ ಲಿಂಟನ್ ಕೆನಡಾದ ಕೋಮಾಕ್ಸ್ ಕಣಿವೆಯಲ್ಲಿ ಆರಂಭಿಸಿದ ‘ಲೆಟ್ಸ್’ ಪದ್ಧತಿ ಇದಕ್ಕೆ ಒಳ್ಳೆಯ ಮಾದರಿ. ಅಲ್ಲಿ ನೋಟು ಅಚ್ಚು ಹಾಕಲಿಲ್ಲ. ಕೊಟ್ಟವರ ಹೆಸರಿಗೆ ಜಮೆ, ಪಡೆದವರ ಹೆಸರಿಗೆ ಖರ್ಚು ಬರೆದರು, ಅಷ್ಟೆ.

ಮೊದಲು ಪಟ್ಟಿ

ಈಗಾಗಲೇ ವಾರದ ಸಭೆ ನಡೆಸುವ ಎರಡು ಮೂರು ಸ್ವಸಹಾಯ ಸಂಘಗಳು ಒಟ್ಟಾದರೆ ಕೆಲಸ ಸುಲಭ. ಪರಸ್ಪರ ನಂಬಿಕೆ ಅಲ್ಲಿ ಮೊದಲೇ ಇರುತ್ತದೆ. ಪ್ರತಿಯೊಬ್ಬರೂ ತಾವು ಕೊಡಬಲ್ಲದ್ದು, ತಮಗೆ ಬೇಕಾದದ್ದು ಎರಡನ್ನೂ ಬರೆಸಬೇಕು. ಕೊಡುವ ಪಟ್ಟಿ ಬೇಗ ತುಂಬುತ್ತದೆ: ಹಪ್ಪಳ, ಉಪ್ಪಿನಕಾಯಿ, ಮುಟ್ಟಾಳೆ, ಬೀಳಿನ ಬುಟ್ಟಿ, ಹೊಲಿಗೆ, ಅಡಿಕೆ ಸುಲಿಯುವುದು. ಬೇಕಾದದ್ದರ ಪಟ್ಟಿಯೇ ಹೆಚ್ಚು ಮುಖ್ಯ. ಹತ್ತು ಮಂದಿ ಹಪ್ಪಳ ಮಾಡಿ ಇಬ್ಬರೇ ಕೊಳ್ಳುವಂತಿದ್ದರೆ ಲೆಕ್ಕ ಮುಂದೆ ಸಾಗದು.

ಯಾವ ಅಳತೆ

ಗಂಟೆಯ ಲೆಕ್ಕ ಎಲ್ಲರಿಗೂ ಅರ್ಥವಾಗುತ್ತದೆ. ಎಂಟು ಗಂಟೆಗೆ ಒಂದು ಆಳು. ವಸ್ತುವಾದರೆ ಅದಕ್ಕೆ ಹಿಡಿದ ಸಮಯವೇ ಬೆಲೆ. ಬಟ್ಟೆ, ಎಣ್ಣೆ, ಉದ್ದಿನಂಥ ಹಣ ಕೊಟ್ಟು ತರುವ ಸಾಮಗ್ರಿಯ ವೆಚ್ಚವನ್ನು ರೂಪಾಯಿಯಲ್ಲೇ ಕೊಡಬೇಕು. ಚಾಪೆಗೆ ಸಮಯ ಎಣಿಸುವಾಗ ಹೆಣೆಯುವ ಹೊತ್ತು ಮಾತ್ರ ಸಾಲದು. ಮುಂಡೇವಿನ ಎಲೆ ಕೊಯ್ದು, ಮುಳ್ಳು ತೆಗೆದು, ಒಣಗಿಸಿ, ಸೀಳುವ ಹೊತ್ತೂ ಸೇರಬೇಕು. ಹೆಂಗಸರ ಕೈಕೆಲಸದಲ್ಲಿ ಈ ಹೊತ್ತು ಲೆಕ್ಕಕ್ಕೆ ಬಾರದೆ ಹೋಗುವುದೇ ಹೆಚ್ಚು.

ಮರ ಹತ್ತುವ ಕೆಲಸಕ್ಕೆ ಜೀವದ ಅಪಾಯವಿದೆ. ಅದರ ಒಂದು ಗಂಟೆಯನ್ನು ಎರಡಾಗಿ ಹಿಡಿಯುವುದು ನ್ಯಾಯ. ಇದನ್ನು ಮೊದಲ ಸಭೆಯಲ್ಲೇ ನಿರ್ಣಯ ಪುಸ್ತಕದಲ್ಲಿ ಬರೆಯಬೇಕು. ಬುಟ್ಟಿ ಹೆಣೆಯುವವರ ಗಂಟೆಯನ್ನು ಮಾತ್ರ ಯಾವ ಕಾರಣಕ್ಕೂ ಕಡಿಮೆಗೆ ಎಣಿಸಬಾರದು. ಬುಟ್ಟಿ ಹೆಣೆಯುವ ಕಸುಬಿನ ಕೊರಗ ಸಮುದಾಯದವರನ್ನು ಹೀನವಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ಕರ್ನಾಟಕ 2000ದ ಕಾಯ್ದೆಯಿಂದ ನಿಷೇಧಿಸಿದೆ. ವಿನಿಮಯದ ಹೆಸರಿನಲ್ಲಿ ಬಿಟ್ಟಿ ಚಾಕರಿ ಮರಳಿ ಬರಕೂಡದು.

ಪುಸ್ತಕ ಬರೆಯುವ ರೀತಿ

ಎಲ್ಲರ ಖಾತೆಯೂ ಸೊನ್ನೆಯಿಂದ ಆರಂಭ. ಚಾಪೆಯವರು ಎರಡು ಗಂಟೆಯ ಹೊಲಿಗೆ ಪಡೆದರೆ ಅವರಿಗೆ ಎರಡು ಬಾಕಿ, ಹೊಲಿಯುವವರಿಗೆ ಎರಡು ಜಮೆ. ಹೊಲಿಯುವವರು ಒಂದು ಗಂಟೆ ತೆಂಗಿನಕಾಯಿ ಕೀಳಿಸಿದರೆ ಅವರ ಜಮೆ ಸೊನ್ನೆಗಿಳಿದು, ಮರ ಹತ್ತಿದವರಿಗೆ ಎರಡು ಜಮೆಯಾಗುತ್ತದೆ. ಅವರು ಆರು ಗಂಟೆಯ ಚಾಪೆ ಒಯ್ದರೆ ಅವರಿಗೆ ನಾಲ್ಕು ಬಾಕಿ, ಚಾಪೆಯವರಿಗೆ ನಾಲ್ಕು ಜಮೆ. ಯಾವ ದಿನ ಕೂಡಿಸಿದರೂ ಒಟ್ಟು ಜಮೆ, ಒಟ್ಟು ಬಾಕಿ ಸಮವಾಗಿರಬೇಕು. ಆಗದಿದ್ದರೆ ಎಲ್ಲೋ ಬರೆಯುವುದು ತಪ್ಪಿದೆ. ವಾರದ ಸಭೆಯಲ್ಲಿ ಎಲ್ಲರ ಜಮೆ, ಬಾಕಿಯನ್ನು ಗಟ್ಟಿಯಾಗಿ ಓದುವುದು ಒಳ್ಳೆಯದು.

ಮಿತಿಯೂ ಬೇಕು. ಆರಂಭದಲ್ಲಿ ಬಾಕಿಗೆ 40 ಗಂಟೆ, ಜಮೆಗೂ 40 ಗಂಟೆ ಸಾಕು. ಜಮೆ ಕೂಡಿಟ್ಟುಕೊಂಡು ಕುಳಿತವರಿಂದಲೂ ವಿನಿಮಯ ನಿಲ್ಲುತ್ತದೆ. ಆದ್ದರಿಂದ ಜಮೆಗೆ ಬಡ್ಡಿ ಇಡಬಾರದು.

ಮಳೆಗಾಲದ ಸರದಿ

ಈ ತಾಲೂಕುಗಳಲ್ಲಿ ನಿಜವಾದ ಪರೀಕ್ಷೆ ಬರುವುದು ಮುಂಗಾರಿನಲ್ಲಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಮ್ಮೆ, ಆಮೇಲೆ ಸುಮಾರು 40–45 ದಿನಕ್ಕೆ ಇನ್ನೊಮ್ಮೆ ಸಿಂಪಡಿಸಬೇಕು. ಎರಡು ದಿನ ಹೊಳವು ಬಿದ್ದರೆ ಎಲ್ಲ ತೋಟದವರಿಗೂ ಅದೇ ದಿನ ಮರ ಹತ್ತುವವರು ಬೇಕು. ಖಾತೆಯಲ್ಲಿ ಎಷ್ಟೇ ಜಮೆ ಇದ್ದರೂ ಆಗ ಉಪಯೋಗವಿಲ್ಲ. ಏಪ್ರಿಲ್ ಸಭೆಯಲ್ಲೇ ಚೀಟಿ ಎತ್ತಿ ಸರದಿ ಗೊತ್ತುಮಾಡಬೇಕು. ಎರಡನೇ ಸಿಂಪಡಣೆಗೆ ಅದೇ ಸರದಿಯನ್ನು ತಿರುಗಿಸಬೇಕು. ಹೊಲಿಗೆ, ಹಪ್ಪಳಕ್ಕೆ ಈ ತೊಂದರೆ ಇಲ್ಲ.

ಸೇವೆಗಳ ವಿನಿಮಯ ಒಂದು ಗ್ರಾಮದೊಳಗೇ ಇರಲಿ. ಮೂಡುಬಿದಿರೆಯಿಂದ ವೇಣೂರು ದಾಟಿ ಬೆಳ್ತಂಗಡಿಗೆ ಒಂದು ಗಂಟೆಯ ಕೆಲಸಕ್ಕೆ ಹೋದರೆ ಬಸ್ಸಿನಲ್ಲೇ ಅದಕ್ಕಿಂತ ಹೆಚ್ಚು ಹೊತ್ತು ಕಳೆಯುತ್ತದೆ. ಕೆಡದ ವಸ್ತುಗಳನ್ನು ಮಾತ್ರ ತಾಲೂಕು ದಾಟಿಸಬಹುದು.

ಕಾನೂನು

ನೋಟಿನಂಥ ಚೀಟಿ ಮುದ್ರಿಸಲೇಬಾರದು. ಹಿಡಿದು ತಂದವರಿಗೆ ಕೇಳಿದೊಡನೆ ಹಣ ಕೊಡುವ ಪತ್ರಗಳನ್ನು ಖಾಸಗಿಯವರು ಹೊರಡಿಸುವುದನ್ನು 1934ರ ಭಾರತೀಯ ರಿಸರ್ವ್ ಬ್ಯಾಂಕ್ ಕಾಯ್ದೆಯ 31ನೇ ಕಲಂ ತಡೆಯುತ್ತದೆ. ಹೆಸರು ಬರೆದ ಖಾತೆ ಪುಸ್ತಕವೇ ಕ್ಷೇಮ; ಗಂಟೆಯನ್ನು ರೂಪಾಯಿಗೆ ಬದಲಿಸಿ ಕೊಡುವ ಭರವಸೆಯೂ ಬೇಡ. ವಸ್ತು ವಿನಿಮಯವೂ ಜಿಎಸ್‌ಟಿ ಕಾಯ್ದೆಯ ಪ್ರಕಾರ ಪೂರೈಕೆಯೇ ಆದ್ದರಿಂದ, ನೋಂದಾಯಿತ ವ್ಯಾಪಾರಿಗಳು ಸದಸ್ಯರಾದರೆ ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳಬೇಕು. ಹಪ್ಪಳ, ಉಪ್ಪಿನಕಾಯಿ ಮಾಡಿ ಕೊಡುವವರು ಆಹಾರ ಸುರಕ್ಷತಾ ನೋಂದಣಿ ಮಾಡಿಸಬೇಕು.

ಸಂಘ ಬಿಡುವವರಿಗೆ ಬಾಕಿ ಇದ್ದರೆ ಮೂರು ತಿಂಗಳೊಳಗೆ ದುಡಿದು ತೀರಿಸುವ, ಜಮೆ ಇದ್ದರೆ ಅಷ್ಟೇ ಅವಧಿಯಲ್ಲಿ ಪಡೆದು ಮುಗಿಸುವ ನಿಯಮಕ್ಕೆ, ಸಂಘ ಸೇರುವಾಗಲೇ, ಸಹಿ ಹಾಕಿಸಿಕೊಳ್ಳಬೇಕು. ಕಾಯಿಲೆ ಅಥವಾ ಸಾವಿನಿಂದ ಉಳಿದ ಬಾಕಿಯನ್ನು ಮನೆಯವರ ಮೇಲೆ ಹೊರಿಸದೆ, ಎಲ್ಲ ಸದಸ್ಯರ ಖಾತೆಗೂ ಸಮವಾಗಿ ಹಂಚಿ ಬರೆಯಬೇಕು.