ಕಬ್ಬಿಗನಿಗೆ ಕಬ್ಬಿನ ಗದ್ದೆ ಇಲ್ಲ: ಒಗಟಿನ ಪದಬಂಧಕ್ಕೆ ಕೆಲವು ಸೂತ್ರಗಳು

ಹಲಗೂರಿನ ಟೀ ಅಂಗಡಿಯಲ್ಲಿ ಪೇಪರು ಒಂದು, ಓದುವವರು ಹತ್ತು. ರಾಜಕೀಯ ಒಬ್ಬರಿಗೆ, ಕ್ರಿಕೆಟ್ಟು ಇನ್ನೊಬ್ಬರಿಗೆ. ಪದಬಂಧದ ಪುಟ ನನ್ನ ಕೈಗೆ ಬರುವ ಹೊತ್ತಿಗೆ ಅದರ ಮೇಲೆ ಲೋಟದ ಉಂಗುರ ಮೂಡಿರುತ್ತದೆ, ಸುಲಭದ್ದನ್ನೆಲ್ಲ ಯಾರೋ ತುಂಬಿ ಮುಗಿಸಿರುತ್ತಾರೆ. ಉಳಿದಿರುವುದು ತರಲೆ ಸುಳಿವುಗಳು: ನೇರವಾಗಿ ಅರ್ಥ ಕೇಳದೆ ಒಗಟಿನಂತೆ ಸುತ್ತಿಬಳಸಿ ಕೇಳುವಂಥವು. ಅವುಗಳ ಜೊತೆ ಗುದ್ದಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಯ ಸುಳಿವುಗಳೆಲ್ಲ ನಾನೇ ಹೊಸೆದವು, ಬೈಯುವುದಿದ್ದರೆ ನನ್ನನ್ನೇ ಬೈಯಿರಿ.

1. ಮೊದಲು ಮನೆ ಎಣಿಸಿ.

ಕನ್ನಡದಲ್ಲಿ ಒಂದು ಮನೆಗೆ ಒಂದು ಅಕ್ಷರ. ಕಾಗುಣಿತ, ಒತ್ತು, ಸೊನ್ನೆ ಎಲ್ಲವೂ ಆ ಅಕ್ಷರದ ಸಂಸಾರ, ಒಂದೇ ಮನೆಯಲ್ಲಿ ಇರಬೇಕು. ‘ಸ್ವಾತಂತ್ರ್ಯ’ಕ್ಕೆ ಮೂರೇ ಮನೆ, ರೋಮನ್ ಲಿಪಿಯಲ್ಲಿ ಬರೆದರೆ ಹತ್ತು ಹನ್ನೊಂದು ಬೇಕು. ‘ಬಸ್’ ಎಂಬಲ್ಲಿ ಕೊನೆಯ ಅರ್ಧಾಕ್ಷರಕ್ಕೂ ಒಂದು ಮನೆ. ಪೆನ್ನು ಕೈಗೆತ್ತಿಕೊಳ್ಳುವ ಮೊದಲೇ ಈ ಲೆಕ್ಕ ತಲೆಯಲ್ಲಿರಲಿ. ಮೂರು ಮನೆಗೆ ನಾಲ್ಕಕ್ಷರ ತುರುಕಿ, ಪಕ್ಕದ ಪದವನ್ನೂ ಕೆಡಿಸಿದವರ ಪಟ್ಟಿಯಲ್ಲಿ ನಾನೇ ಮೊದಲಿಗ.

2. ಎರಡು ತುದಿಗಳನ್ನು ಹಿಡಿಯಿರಿ, ನಡುವೆ ನೋಡಬೇಡಿ.

ಒಗಟಿನ ಸುಳಿವಿನಲ್ಲಿ ಎರಡು ಭಾಗ. ಒಂದು, ಉತ್ತರದ ನೇರ ಅರ್ಥ. ಇನ್ನೊಂದು, ಅಕ್ಷರಗಳ ಆಟ. ಅರ್ಥ ಇರುವುದು ಸುಳಿವಿನ ಮೊದಲಲ್ಲಿ ಅಥವಾ ಕೊನೆಯಲ್ಲಿ, ನಡುವೆ ಇರುವುದಿಲ್ಲ. ಕನ್ನಡದ ವಾಕ್ಯದಲ್ಲಿ ಮುಖ್ಯವಾದದ್ದು ಕೊನೆಗೆ ಬರುವುದರಿಂದ ನಾನು ಬಾಲದಿಂದಲೇ ಶುರು ಮಾಡುತ್ತೇನೆ. ‘ದಿನ ತಿರುಗಿ ನಿಂತರೆ ಹರಿಯುವವಳು (2)’. ಬಾಲ ‘ಹರಿಯುವವಳು’. ‘ದಿನ’ವನ್ನು ತಿರುಗಿಸಿ, ‘ನದಿ’. ಕಾವೇರಿಯೋ ಶಿಂಶೆಯೋ ಎಂದು ತಲೆ ಕೆಡಿಸಿಕೊಂಡವರಿಗೆ ಆ ಹೊತ್ತಿಗೆ ಟೀ ತಣ್ಣಗಾಗಿರುತ್ತದೆ.

3. ಸುಳಿವು ಹೇಳುವ ಕಥೆಯನ್ನು ನಂಬಬೇಡಿ.

‘ಮಂಡ್ಯದ ರೈತನಂತೆ ಕಾಣುವ ಪದ್ಯಗಾರ (3)’. ಓದಿದ ಕೂಡಲೇ ಗದ್ದೆ, ಗಾಣ, ಆಲೆಮನೆ ಕಣ್ಣಿಗೆ ಬರುತ್ತವೆ. ಬರಲಿ ಎಂದೇ ಹಾಗೆ ಬರೆದದ್ದು. ಬಾಲದಲ್ಲಿರುವುದು ಪದ್ಯಗಾರ. ಮಂಡ್ಯದ ರೈತ ಬೆಳೆಯುವುದು ಕಬ್ಬು. ಗಾಣದವನು ಗಾಣಿಗನಾದರೆ ಕಬ್ಬಿನವನು? ಕಬ್ಬಿಗ! ನಿಜದಲ್ಲಿ ಕಬ್ಬಿಗನಿಗೆ ಕಬ್ಬಿನ ಸಂಬಂಧವೇ ಇಲ್ಲ. ‘ಕಾವ್ಯ’ ಹಳಗನ್ನಡದಲ್ಲಿ ‘ಕಬ್ಬ’ವಾಗಿ, ಕಬ್ಬ ಬರೆಯುವವನು ಕಬ್ಬಿಗನಾದ. ‘ಕಾಣುವ’ ಎಂಬ ಪದ ಅದಕ್ಕಾಗಿಯೇ ಅಲ್ಲಿ ಕೂತಿದೆ: ಹಾಗೆ ಕಾಣುತ್ತಾನೆ, ಹಾಗಿಲ್ಲ. ಒಳ್ಳೆಯ ಸುಳಿವು ಸುಳ್ಳು ಹೇಳುವುದಿಲ್ಲ, ನಾವೇ ಸುಳ್ಳು ಕೇಳಿಸಿಕೊಳ್ಳುವಂತೆ ಮಾಡುತ್ತದೆ.

4. ತಿರುಗು, ಮರಳು, ಹಿಂದೆ, ಉಲ್ಟಾ: ಕಂಡ ಕೂಡಲೇ ಪದವನ್ನು ಬಲದಿಂದ ಓದಿ.

‘ಮರಾ ಮರಾ’ ಎಂದು ಜಪಿಸಿ ರಾಮನನ್ನು ಕಂಡುಕೊಂಡ ವಾಲ್ಮೀಕಿಯ ಕಥೆ ಗೊತ್ತಿರುವವರಿಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ. ‘ಕುಮಾರವ್ಯಾಸನ ಊರಿಗೆ ಹಿಂದಿನಿಂದ ಹೋದರೂ ಅದೇ ಊರು (3)’ ಎಂದರೆ ಗದಗ. ಒಂದು ಎಚ್ಚರಿಕೆ: ‘ತಲೆಕೆಳಗಾಗಿ’, ‘ಮೇಲಕ್ಕೆ ಹತ್ತಿ’ ಎಂಬ ಸೂಚನೆಗಳು ಮೇಲಿನಿಂದ ಕೆಳಕ್ಕೆ ಬರುವ ಪದಗಳಿಗೆ ಮಾತ್ರ ನ್ಯಾಯ. ಅಡ್ಡ ಮಲಗಿರುವ ಪದಕ್ಕೆ ತಲೆಯೆಲ್ಲಿ, ಕಾಲೆಲ್ಲಿ?

5. ಚೆಲ್ಲಾಪಿಲ್ಲಿಯಾದರೂ ಕಾಗುಣಿತ ಕಳಚುವುದಿಲ್ಲ.

ಚೆದುರು, ಕಲಕು, ಗಲಿಬಿಲಿ, ತಳಮಳ ಎಂಬ ಪದಗಳಿದ್ದರೆ ಅಕ್ಷರಗಳನ್ನು ಅದಲುಬದಲು ಮಾಡಬೇಕು. ಇಂಗ್ಲಿಷಿನಲ್ಲಿ ಸ್ವರವನ್ನೂ ವ್ಯಂಜನವನ್ನೂ ಬೇರೆ ಬೇರೆಯಾಗಿ ಎಸೆದಾಡಬಹುದು. ನಮ್ಮಲ್ಲಿ ‘ಕು’ ಎಲ್ಲಿಗೆ ಹೋದರೂ ಕೊಂಬು ಹೊತ್ತುಕೊಂಡೇ ಹೋಗಬೇಕು. ‘ನಸುಕು’ ಚೆದುರಿ ‘ಕನಸು’ ಆಯಿತು ಎಂದು ಯಾರಾದರೂ ಸುಳಿವು ಕೊಟ್ಟರೆ, ಎಷ್ಟೇ ಚೆಂದವಿದ್ದರೂ ಒಪ್ಪಬೇಡಿ. ಅಲ್ಲಿ ‘ಕು’ ಇದೆ, ಇಲ್ಲಿ ‘ಕ’ ಬೇಕು.

ಒಪ್ಪಬಹುದಾದದ್ದು ಇದು: ‘ಮನದ ತಳಮಳಕ್ಕೆ ಕಾರಣನಾದವನು (3)’. ಮ, ನ, ದ ತಳಮಳಗೊಂಡರೆ ಮದನ. ಇಡೀ ವಾಕ್ಯವೂ ಮದನನನ್ನೇ ಹೇಳುತ್ತದೆ. ಅರ್ಥ ಬೇರೆ, ಆಟ ಬೇರೆ ಎಂದು ಎರಡನೆಯ ಸೂತ್ರದಲ್ಲಿ ಹೇಳಿದ್ದು ಇಲ್ಲಿ ಮುರಿಯುತ್ತದೆ, ಎರಡೂ ಒಂದರೊಳಗೊಂದು ಕರಗಿರುತ್ತವೆ. ಇಂಥದ್ದು ವರ್ಷಕ್ಕೊಂದು ಸಿಕ್ಕರೆ ಪುಣ್ಯ. ಇದನ್ನು ಹೊಸೆದ ದಿನ ನಾನು ಇಡೀ ಬೆಂಚಿಗೆ ಟೀ ಕೊಡಿಸಿದೆ.

6. ಸಂಧಿಯನ್ನು ಶಾಲೆಯಲ್ಲೇ ಬಿಟ್ಟು ಬಂದಿದ್ದರೆ ವಾಪಸು ಕರೆತನ್ನಿ.

ಕನ್ನಡದ ಒಗಟಿನ ಸುಳಿವು ಇಂಗ್ಲಿಷಿನಿಂದ ಬೇರೆಯಾಗುವುದೇ ಇಲ್ಲಿ. ಅಲ್ಲಿ ಎರಡು ಪದ ಪಕ್ಕಪಕ್ಕ ನಿಲ್ಲುತ್ತವೆ. ಇಲ್ಲಿ ಒಂದರೊಳಗೊಂದು ನುಗ್ಗುತ್ತವೆ. ‘ಕೋವಿಯೊಳಗಿನದು ಊರಿಗೆ ಸೇರಿತು, ವಡೆ ಸಿಗುವ ಕಡೆ (3)’ ಎಂದರೆ ಮದ್ದು ಮತ್ತು ಊರು ಸೇರಿ ಮದ್ದೂರು. ಒಂದು ‘ಉ’ ಲೋಪವಾಯಿತು, ಮನೆಯೂ ಒಂದು ಕಡಿಮೆಯಾಯಿತು.

ನಮ್ಮೂರಿಗೇ ಒಂದು ಸುಳಿವು ಕಟ್ಟಲು ಹೋಗಿ ಸಿಕ್ಕಿಬಿದ್ದೆ. ‘ಬಲರಾಮನ ಆಯುಧ ಊರಿಗೆ ಸೇರಿ ಮಳವಳ್ಳಿ ತಾಲ್ಲೂಕಿನ ಹೋಬಳಿ (4)’ ಎಂದು ಬರೆದು ಬೀಗುತ್ತಿದ್ದೆ. ಹಲ ಎಂದರೆ ನೇಗಿಲು, ಅದನ್ನು ಹಿಡಿದವನು ಹಲಧರ. ಬೆಂಚಿನ ಮೇಲಿದ್ದ ನಿವೃತ್ತ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. “ಅಲ್ಲ ಕಣಯ್ಯ, ಹಲ ಬಂತು, ಊರು ಬಂತು. ‘ಗ’ ಎಲ್ಲಿಂದ ಬಂತು?” ನಿಜ, ‘ಗ’ಕ್ಕೆ ಅಪ್ಪ ಅಮ್ಮ ಇರಲಿಲ್ಲ. ಅವರೇ ತಿದ್ದಿದರು: ‘ಮರದ ಪಟ್ಟಿ ಊರಿಗೆ ಸೇರಿ’. ಹಲಗೆ ಮತ್ತು ಊರು, ‘ಎ’ ಲೋಪ, ಹಲಗೂರು. ಊರಿನ ಹೆಸರು ನಿಜವಾಗಿ ಹೀಗೇ ಹುಟ್ಟಿತೆಂದು ಯಾರೂ ವಾದಿಸುತ್ತಿಲ್ಲ. ಪದಬಂಧಕ್ಕೆ ಶಾಸನದ ಆಧಾರ ಬೇಕಿಲ್ಲ, ಸಂಧಿ ಸರಿಯಿದ್ದರೆ ಸಾಕು.

ಇಲ್ಲಿಂದ ಕಾವೇರಿ ತೀರದ ಮುತ್ತತ್ತಿಗೆ ಹೋಗುವ ದಾರಿಯಲ್ಲಂತೂ ಸಂಧಿ ಪುರಾಣವೇ ಆಗಿದೆ. ಸೀತೆಯ ಮೂಗುತಿಯ ಮುತ್ತು ಹೊಳೆಗೆ ಬಿತ್ತು, ಆಂಜನೇಯ ಬಾಲದಿಂದ ನೀರು ಕಲಕಿ ಅದನ್ನು ಎತ್ತಿದ ಎನ್ನುತ್ತದೆ ಸ್ಥಳಕಥೆ. ಮುತ್ತು ಎತ್ತಿ, ಮುತ್ತೆತ್ತಿ, ಬಾಯಿಂದ ಬಾಯಿಗೆ ಸವೆದು ಮುತ್ತತ್ತಿ. ಮುತ್ತೆತ್ತಿದ ಆ ದೇವರ ಹೆಸರನ್ನೇ ಹೊತ್ತ ಮುತ್ತುರಾಜ ಮುಂದೆ ಡಾ. ರಾಜ್‌ಕುಮಾರ್ ಆದರು. ರಾಜ್ ಜೀವನಚರಿತ್ರೆ ಬರೆದ ಎ.ಎನ್. ಪ್ರಹ್ಲಾದ ರಾವ್ ಕನ್ನಡದಲ್ಲಿ ಸಾವಿರ ಸಾವಿರ ಪದಬಂಧ ಹೆಣೆದವರು, ಕೋಲಾರ ಜಿಲ್ಲೆಯ ಅಬ್ಬಣಿಯವರು. ಪದಬಂಧದ ಪುಟದಿಂದ ಹೊರಟು ಸುತ್ತಿ ಸುತ್ತಿ ಪದಬಂಧಕ್ಕೇ ಬಂದ ಹಾಗಾಯಿತು!

7. ತಲೆ ಹೋಯಿತೇ, ಬಾಲ ಹೋಯಿತೇ ನೋಡಿ.

‘ಕೊನೆ ಭಾಗಕ್ಕೆ ತಲುಪದ ಕಾಲುವೆ ನಡೆಯಲು ಬೇಕು (2)’. ಕಾಲುವೆಯ ಕೊನೆ ತೆಗೆದರೆ ಕಾಲು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ವಿವರಿಸುವ ಅಗತ್ಯ ಬೀಳುವುದಿಲ್ಲ. ಅವರಿಗೆ ನಗು ಬರುವುದೂ ಇಲ್ಲ.

8. ಕಣ್ಣಿಗೆ ಸೋತರೆ ಕಿವಿಗೆ ಕೊಡಿ.

ಕೇಳಿ, ಬಾಯಲ್ಲಿ, ಅಂತಾರೆ ಎಂದು ಬಂದರೆ ಅದು ಉಚ್ಚಾರದ ಆಟ. ‘ನಮ್ಮೂರ ಬಾಯಲ್ಲಿ ಹಾರುವುದು ಬೇಯುತ್ತದೆ (2)’. ಹಾರುವುದು ಹಕ್ಕಿ, ನಮ್ಮ ಸೀಮೆಯಲ್ಲಿ ‘ಹ’ ನುಂಗಿ ಮಾತಾಡುವವರು ಬೇಕಾದಷ್ಟು ಜನ, ಹಕ್ಕಿ ಅಕ್ಕಿಯಾಗುತ್ತದೆ. ಹಕ್ಕಿಗಳ ಊರು ಕೊಕ್ಕರೆಬೆಳ್ಳೂರು ಇದೇ ಮಂಡ್ಯ ಜಿಲ್ಲೆಯಲ್ಲಿದೆ ಎನ್ನುವುದು ನೆನಪಿರಲಿ, ಅಲ್ಲಿ ಇದನ್ನು ಜೋರಾಗಿ ಓದಬೇಡಿ.

9. ನಿಘಂಟು ನೋಡುವುದು ಸೋಲಲ್ಲ.

ಇಳೆ, ಅರಿ, ಹಲ, ಜವ, ಕಬ್ಬ: ಮಾತಿನಲ್ಲಿ ಸತ್ತ ಪದಗಳು ಪದಬಂಧದಲ್ಲಿ ಸುಖವಾಗಿ ಬದುಕಿವೆ. 1894ರ ಕಿಟೆಲ್ ನಿಘಂಟು ಈಗಲೂ ಕೈಕೊಡುವುದಿಲ್ಲ. ಸಾಹಿತ್ಯ ಪರಿಷತ್ತಿನ ಸಂಪುಟಗಳಿದ್ದರೆ ಕೇಳುವುದೇ ಬೇಡ. ಆ ಕೆಲಸದಲ್ಲಿ ಜೀವ ತೇಯ್ದ ಜಿ. ವೆಂಕಟಸುಬ್ಬಯ್ಯನವರು ನಮ್ಮ ಜಿಲ್ಲೆಯವರೇ, ಶ್ರೀರಂಗಪಟ್ಟಣದ ಗಂಜಾಂನವರು. ಅವರು ಹುಟ್ಟಿದ್ದು 1913ರ ಆಗಸ್ಟ್‌ನಲ್ಲಿ. ಅದೇ ವರ್ಷ ಡಿಸೆಂಬರ್ 21ರಂದು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಆರ್ಥರ್ ವಿನ್ ಎಂಬಾತನ ಮೊದಲ ಪದಬಂಧ ಅಚ್ಚಾಯಿತು. ಸುಳಿವು ಒಗಟಾಗಿದ್ದು ಆಮೇಲೆ, 1920ರ ದಶಕದಲ್ಲಿ ಲಂಡನ್ನಿನ ಪತ್ರಿಕೆಗಳಲ್ಲಿ, ಟಾರ್ಕೆಮಾಡ ಎಂಬ ಗುಪ್ತನಾಮದವನ ಕೈಯಲ್ಲಿ.

10. ವಿವರಿಸಲು ಬಾರದಿದ್ದರೆ ಉತ್ತರ ಬಂದಿಲ್ಲ ಎಂದೇ ತಿಳಿಯಿರಿ.

ಅಡ್ಡ ಪದಗಳಿಂದ ಅಕ್ಷರ ಸಿಕ್ಕಿ, ಊಹೆಯಿಂದ ಮನೆ ತುಂಬಿಸಿ ‘ಆಯ್ತು’ ಎನ್ನುವುದು ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡಿದ ಹಾಗೆ. ಪಕ್ಕದಲ್ಲಿ ಕೂತವರಿಗೆ ಮೂರು ಮಾತಲ್ಲಿ ಹೇಳಿ: ಅರ್ಥ ಯಾವುದು, ಆಟ ಯಾವುದು, ಮಿಕ್ಕ ಪದ ಯಾವುದು. ಏನೂ ಮಿಗಬಾರದು. ಇಂಗ್ಲೆಂಡಿನಲ್ಲಿ ಜಿಮೆನೀಸ್ ಎಂಬ ಗುಪ್ತನಾಮದಲ್ಲಿ ಪದಬಂಧ ಕಟ್ಟುತ್ತಿದ್ದ ಡೆರಿಕ್ ಮ್ಯಾಕ್ನಟ್ 1966ರ ತನ್ನ ಪುಸ್ತಕದಲ್ಲಿ ಹಾಕಿಕೊಟ್ಟ ನಿಯಮವೂ ಇದೇ. ಅವನೂ ವೃತ್ತಿಯಲ್ಲಿ ಮೇಷ್ಟ್ರು! ನಮಗೆ ಇದು ಹೊಸದೂ ಅಲ್ಲ. ಅಲ್ಲಮನ ಬೆಡಗಿನ ವಚನಗಳಿಗೆ ಟೀಕೆ ಬರೆದವರು, ಕನಕದಾಸರ ಮುಂಡಿಗೆಗಳನ್ನು ಬಿಡಿಸಿ ಹೇಳಿದವರು ಮಾಡಿದ್ದು ಇದನ್ನೇ: ಯಾವ ಮಾತು ಏನನ್ನು ಬಚ್ಚಿಟ್ಟಿದೆ ಎಂದು ಒಂದೊಂದಾಗಿ ತೋರಿಸುವುದು. ಮೇಷ್ಟ್ರು ಕೇಳಿದ “‘ಗ’ ಎಲ್ಲಿಂದ ಬಂತು?” ಎಂಬ ಪ್ರಶ್ನೆ ಈಗ ಪ್ರತಿ ಸುಳಿವಿನಲ್ಲೂ ನನ್ನ ಬೆನ್ನಿಗೆ ಬಿದ್ದಿದೆ.

11. ಪದಬಂಧ ಬಿಡಿಸದವರನ್ನೂ ಕೇಳಿ.

ಮೊನ್ನೆ ಒಂದು ಸುಳಿವು ಹೊಸೆದು ಬೆಂಚಿಗೆ ಓದಿ ಹೇಳಿದೆ: ‘ಆನೆ, ಅದರ ಬಣ್ಣ, ವಡೆಗೆ ಮಾಡುವ ಕೆಲಸ, ಮೂರಕ್ಕೂ ಒಂದೇ (2)’. ಮೇಷ್ಟ್ರು ಕಣ್ಣು ಮುಚ್ಚಿದರು. ಇನ್ನೊಬ್ಬರು ಮೀಸೆ ತೀಡಿದರು. ಒಲೆಯ ಕಡೆಯಿಂದ ಅಂಗಡಿಯವರು ತಿರುಗಿಯೂ ನೋಡದೆ, “ಕರಿ!” ಅಂದರು. ನಾನು ಖುಷಿಯಿಂದ ಎದ್ದು ನಿಂತೆ. ಅವರ ಪಕ್ಕದಲ್ಲಿದ್ದ ತಮ್ಮ ಆ ಮಾತಿಗೇ ಕಾದಿದ್ದವನಂತೆ ಮುಂದಿನ ಸುತ್ತಿನ ವಡೆಯನ್ನು ಎಣ್ಣೆಗೆ ಬಿಟ್ಟ. ಉತ್ತರ ಕೊಟ್ಟದ್ದು ನನಗೋ ತಮ್ಮನಿಗೋ, ಇವತ್ತಿನವರೆಗೂ ಕೇಳಿಲ್ಲ.