ಶ್ವಾನ ಪ್ರದರ್ಶನದಲ್ಲಿ ನಮ್ಮ ಮುಧೋಳ ನಾಯಿ

ನಾಯಿಯನ್ನು ಕುರಿತು ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯುತ್ತೇನೆಂದಾಗ ಗೆಳೆಯರು ನಕ್ಕರು. ಇತಿಹಾಸದ ವಿದ್ಯಾರ್ಥಿಗೆ ವಿಷಯಗಳ ಬರಗಾಲವೇ ಎಂದು ಒಬ್ಬನು ಕೇಳಿದನು. ಮುಧೋಳವು ಕವಿ ರನ್ನನ ಊರು. ಅವನ ಮೇಲೆಯೇ ಬರೆಯಬಹುದಾಗಿತ್ತು, ನಿಜ. ಆದರೆ ರನ್ನನ ವಿಷಯ ಬರೆಯಬಲ್ಲ ವಿದ್ವಾಂಸರು ನಮ್ಮ ಅಧ್ಯಾಪಕರಲ್ಲಿಯೇ ಇದ್ದಾರೆ. ಮನೆಯಲ್ಲಿ ಬೆಳೆದ ನಾಯಿಯನ್ನು ಹಿಡಿದುಕೊಂಡು ಶ್ವಾನ ಪ್ರದರ್ಶನದ ಕಣದೊಳಗೆ ನಿಂತು ಬೆವರಿದವನು, ನನಗೆ ತಿಳಿದಮಟ್ಟಿಗೆ, ಈ ಕಾಲೇಜಿನಲ್ಲಿ ನಾನೊಬ್ಬನೇ. ಅಲ್ಲಿಗೆ ಹೋಗುವ ಮೊದಲು ಏನನ್ನು ತಿಳಿದಿರಬೇಕಿತ್ತು, ತಿಳಿಯದೆ ಏನಾಯಿತು ಎಂಬುದನ್ನು ಹೇಳುವುದಷ್ಟೇ ಈ ಲೇಖನದ ಉದ್ದೇಶ.

ದನದ ಜಾತ್ರೆಯನ್ನು ನೋಡಿದವರಿಗೆ ಶ್ವಾನ ಪ್ರದರ್ಶನವನ್ನು ವಿವರಿಸುವುದು ಸುಲಭ. ಎತ್ತು ಕೊಳ್ಳುವ ರೈತನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಮೈಮೇಲೆ ಕೈಯಾಡಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಅವನ ಮನಸ್ಸಿನಲ್ಲಿ ಒಳ್ಳೆಯ ಎತ್ತಿನ ಚಿತ್ರವೊಂದಿರುತ್ತದೆ. ಎದುರಿಗೆ ನಿಂತ ಎತ್ತನ್ನು ಅದರೊಡನೆ ಹೋಲಿಸುತ್ತಾನೆ. ಪ್ರದರ್ಶನದ ತೀರ್ಪುಗಾರರು ಮಾಡುವುದೂ ಇದನ್ನೇ. ಅವರ ಚಿತ್ರ ಮಾತ್ರ ಬರವಣಿಗೆಯಲ್ಲಿದೆ. ಪ್ರತಿಯೊಂದು ತಳಿಯೂ ತಲೆಯಿಂದ ಬಾಲದವರೆಗೆ ಹೇಗಿರಬೇಕೆಂಬ ಲಕ್ಷಣಪತ್ರವೊಂದುಂಟು. ನಾಯಿನಾಯಿಗಳನ್ನು ಹೋಲಿಸುವ ಮೊದಲು ಪ್ರತಿಯೊಂದನ್ನೂ ಆ ಕಾಗದದೊಡನೆ ಹೋಲಿಸುತ್ತಾರೆ. ಇದನ್ನರಿಯದ ನಾನು ಕಣದಲ್ಲಿ ಪಕ್ಕದ ನಾಯಿಗಳನ್ನೇ ನೋಡುತ್ತ ನಿಂತಿದ್ದೆ.

ಈ ಪದ್ಧತಿ ಇಂಗ್ಲೆಂಡಿನಿಂದ ಬಂದದ್ದು. 1859ರಲ್ಲಿ ನ್ಯೂಕ್ಯಾಸಲ್ ನಗರದಲ್ಲಿ ಕೋಳಿಗಳ ಪ್ರದರ್ಶನದ ಜೊತೆಯಲ್ಲಿ ನಡೆದ ಸ್ಪರ್ಧೆಯನ್ನು ಇಂಥ ಪ್ರದರ್ಶನಗಳಲ್ಲಿ ಮೊದಲನೆಯದೆಂದು ಎಣಿಸುತ್ತಾರೆ. ಅಲ್ಲಿದ್ದುದು ಪಾಯಿಂಟರ್ ಮತ್ತು ಸೆಟ್ಟರ್ ಎಂಬ ಎರಡು ಬೇಟೆಯ ಜಾತಿಗಳು ಮಾತ್ರ. ಗೆದ್ದವರಿಗೆ ಕೊಟ್ಟದ್ದು ಬಂದೂಕು. ಬಹುಮಾನದ ಬಂದೂಕನ್ನು ನಾಯಿಯ ಜೊತೆಗೇ ಕಾಡಿಗೆ ಒಯ್ಯಬಹುದಾಗಿತ್ತು. 1873ರಲ್ಲಿ ಲಂಡನ್ನಿನಲ್ಲಿ ಕೆನೆಲ್ ಕ್ಲಬ್ ಸ್ಥಾಪನೆಯಾಗಿ, ನಾಯಿಗಳ ವಂಶಾವಳಿಯನ್ನು ಪುಸ್ತಕದಲ್ಲಿ ಬರೆದಿಡುವ ಕ್ರಮ ಬೆಳೆಯಿತು. ನಮ್ಮ ದೇಶದಲ್ಲಿ ಈ ಕೆಲಸವನ್ನು ಚೆನ್ನೈಯಲ್ಲಿ ಕೇಂದ್ರವಿರುವ ಕೆನೆಲ್ ಕ್ಲಬ್ ಆಫ್ ಇಂಡಿಯಾ ಮೊದಲಾದ ಸಂಸ್ಥೆಗಳು ನಡೆಸುತ್ತವೆ.

ಇನ್ನು ನಮ್ಮ ನಾಯಿಯ ಜಾತಿ. ಬಾಗಲಕೋಟೆ ಜಿಲ್ಲೆಯ ಮುಧೋಳವು ಹಿಂದೆ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಆ ಮನೆತನದ ಮಾಲೋಜಿರಾವ್ ಅವರು ಈ ತಳಿಯನ್ನು ಪೋಷಿಸಿದರೆಂದೂ, ಒಂದು ಜೊತೆಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಿತ್ತರೆಂದೂ ಪ್ರತೀತಿಯಿದೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. 2016ರಲ್ಲಿ ಕೆಲವು ಮರಿಗಳು ಸೈನ್ಯದ ತರಬೇತಿಗಾಗಿ ಮೀರತ್ತಿಗೆ ಹೋದವು. ಇವೆಲ್ಲ ದೊಡ್ಡ ಸಂಗತಿಗಳು. ಆದರೆ ಈ ನಾಯಿಯನ್ನು ಮಾಡಿದ್ದು ಅರಸರಿಗಿಂತ ಹೆಚ್ಚಾಗಿ ಮೊಲ ಎಂದು ನನ್ನ ಅಭಿಪ್ರಾಯ. ಉದ್ದವಾದ ಕಿರಿದಾದ ತಲೆ, ಕೆನ್ನೆಗಂಟಿದ ಜೋಲುಕಿವಿ, ಆಳವಾದ ಎದೆ, ಬೆನ್ನಿಗೆ ಹತ್ತಿದಂತಿರುವ ಹೊಟ್ಟೆ, ನೀಳವಾದ ಕಾಲು, ಇವೆಲ್ಲ ಬಯಲಿನಲ್ಲಿ ಕಣ್ಣಿಗೆ ಕಂಡ ಬೇಟೆಯನ್ನು ಓಡಿ ಹಿಡಿಯುವುದಕ್ಕೆ ಬೇಕಾದ ಅಂಗಗಳು. ಇಂಥ ನಾಯಿಯು ಪೂರ್ಣವೇಗದಲ್ಲಿ ಓಡುವಾಗ ಒಂದೊಂದು ನೆಗೆತದಲ್ಲಿ ಎರಡು ಸಲ ಅದರ ನಾಲ್ಕು ಕಾಲುಗಳೂ ನೆಲವನ್ನು ಬಿಟ್ಟಿರುತ್ತವೆ: ಮೈಯನ್ನು ಪೂರ್ತಿ ಚಾಚಿದಾಗ ಒಮ್ಮೆ, ಪೂರ್ತಿ ಮಡಿಚಿದಾಗ ಒಮ್ಮೆ. ಹಿಂದಿನವರು ಲಕ್ಷಣಪತ್ರ ಓದಲಿಲ್ಲ. ಮೊಲ ಹಿಡಿದ ನಾಯಿಯ ಮರಿಯನ್ನು ಇಟ್ಟುಕೊಂಡರು, ಹಿಡಿಯದ್ದರ ಮರಿಯನ್ನು ಬಿಟ್ಟರು.

ಆ ಪರೀಕ್ಷೆ ಈಗ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ 1991ರ ತಿದ್ದುಪಡಿಯೂ ಬಂದ ಮೇಲೆ ಮೊಲದ ಬೇಟೆ ಅಪರಾಧ. ಕಾಯಿದೆ ಸರಿಯಾದುದೇ, ಅದನ್ನು ನಾನು ಆಕ್ಷೇಪಿಸುತ್ತಿಲ್ಲ. ಆದರೆ ಕೆಲಸ ಹೋದ ಮೇಲೆ ಒಳ್ಳೆಯ ನಾಯಿ ಯಾವುದೆಂದು ನಿರ್ಣಯಿಸುವವರು ಯಾರು? ಕುರಿ ಕಾಯುವುದಕ್ಕೆ, ಹೊಲ ಕಾಯುವುದಕ್ಕೆ ಸಾಧಾರಣ ನಾಯಿಯೂ ಸಾಕು. ಉಳಿದದ್ದು ಪ್ರದರ್ಶನದ ಕಣವೊಂದೇ. ಅಲ್ಲಿ ಓಟದ ಪರೀಕ್ಷೆಯಿಲ್ಲ. ಓಡಬಲ್ಲ ಮೈಯಿದೆಯೇ ಎಂದು ನೋಡುತ್ತಾರೆ.

ನಮ್ಮ ಹೆಣ್ಣುನಾಯಿ ಚಂದ್ರಿ ಹುಟ್ಟಿದ್ದು ಸೋದರಮಾವನ ಹೊಲದ ಗುಡಿಸಲಿನಲ್ಲಿ. ಅದರ ತಾಯಿಯಾಗಲಿ ತಂದೆಯಾಗಲಿ ಯಾವ ಪ್ರದರ್ಶನವನ್ನೂ ಕಂಡವಲ್ಲ. ಗಂಡುನಾಯಿಯ ಯಜಮಾನರಾದ ನಿವೃತ್ತ ಶಾಲಾಮಾಸ್ತರರು ಪಟ್ಟುಹಿಡಿದು ಮರಿಗಳನ್ನೆಲ್ಲ ನೋಂದಾಯಿಸಿದ್ದರಿಂದ ಕಾಗದವೊಂದು ಬಂದಿತ್ತು. ಕತ್ತಿನ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಮೈಕ್ರೋಚಿಪ್ ಹಾಕಿಸಿ ಅದರ 15 ಅಂಕಿಗಳ ಸಂಖ್ಯೆಯನ್ನು ಕಾಗದದಲ್ಲಿ ನಮೂದಿಸಿದ್ದರು. ಆ ಕಾಗದವನ್ನು ನಾನು ಓದಿ ಹೇಳಿದಾಗ ಮಾವನಿಗೆ ಸಿಟ್ಟು ಬಂತು.

"ಇದರಾಗ ಮುಧೋಳ ಅನ್ನೂ ಹೆಸರ ಇಲ್ಲಲ್ಲೋ ತಮ್ಮಾ. ಯಾರ ನಾಯಿ ಕಾಗದ ಕೊಟ್ಟಾರ?"

ನಿಜವಾಗಿಯೂ ಅಲ್ಲಿದ್ದುದು ಕ್ಯಾರವಾನ್ ಹೌಂಡ್ ಎಂಬ ಹೆಸರು. ಕೆನೆಲ್ ಕ್ಲಬ್ ಆಫ್ ಇಂಡಿಯಾ ಈ ತಳಿಯನ್ನು ಆ ಹೆಸರಿನಿಂದ ಕರೆಯುತ್ತದೆ. ಇಂಡಿಯನ್ ನ್ಯಾಷನಲ್ ಕೆನೆಲ್ ಕ್ಲಬ್ ಮುಧೋಳ ಹೌಂಡ್ ಎನ್ನುತ್ತದೆ. ಸಾರ್ಥವಾಹರ ಜೊತೆ ಬಂದ ನಾಯಿಯೆಂಬ ಅರ್ಥದಲ್ಲಿ ಕಾರವಾನಿ ಎಂಬ ಮಾತು ಹುಟ್ಟಿತಂತೆ. ಹೊಸದಾಗಿ ಹೋಗುವವರು ತಮ್ಮ ನಾಯಿಯ ಹೆಸರು ಪಟ್ಟಿಯಲ್ಲಿಲ್ಲವೆಂದು ಗಾಬರಿಪಡದಿರಲಿ ಎಂದು ಇದನ್ನು ಬರೆದಿದ್ದೇನೆ. ನಾನು ಗಾಬರಿಪಟ್ಟಿದ್ದೆ.

ಪ್ರದರ್ಶನಕ್ಕೆ ಎರಡು ವಾರ ಮೊದಲು ಚಂದ್ರಿಗೆ ನಡೆಯುವುದನ್ನು ಕಲಿಸತೊಡಗಿದೆ. ನಾಯಿ ನಮ್ಮ ಎಡಗಡೆಗಿರಬೇಕು, ಹಗ್ಗ ಸಡಿಲವಾಗಿರಬೇಕು, ನೆಗೆಯದೆ ಒಂದೇ ಸಮನೆ ಕುಕ್ಕುಲೋಟದಲ್ಲಿ ಸಾಗಬೇಕು. ಮಾವ ಬದುವಿನ ಮೇಲೆ ಕುಳಿತು ನೋಡಿ, "ಓಡಾಕ ಹುಟ್ಟಿದ್ದಕ್ಕ ನಡಿಯೂದು ಕಲಸ್ತಾನ, ಬಿಎ ಓದಿದಾಂವ" ಎಂದನು. ಅವನ ಮಾತಿಗೆ ಉತ್ತರವಿದೆ, ಆದರೆ ಅಂದು ನನಗೆ ತಿಳಿದಿರಲಿಲ್ಲ. ಕುಕ್ಕುಲೋಟದಲ್ಲಿ ಮುಂದಿನ ಬಲಗಾಲು ಹಿಂದಿನ ಎಡಗಾಲಿನೊಡನೆ, ಮುಂದಿನ ಎಡಗಾಲು ಹಿಂದಿನ ಬಲಗಾಲಿನೊಡನೆ ಏಳುತ್ತದೆ. ವೇಗದ ಓಟದಲ್ಲಿ ಕಣ್ಣಿಗೆ ಸಿಕ್ಕದ ದೋಷಗಳು, ಅಂದರೆ ಮೊಣಕೈ ಹೊರಕ್ಕೆ ಬರುವುದು, ಹಿಂಗಾಲುಗಳು ಒಂದನ್ನೊಂದು ಸವರುವುದು, ಹೆಗಲು ಬಿಗಿದಿರುವುದು, ಈ ನಡೆಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಅತಿ ನಿಧಾನವಾಗಿ ನಡೆಸಿದರೆ ಕೆಲವು ನಾಯಿಗಳು ಒಂಟೆಯಂತೆ ಒಂದೇ ಪಕ್ಕದ ಎರಡು ಕಾಲುಗಳನ್ನು ಒಟ್ಟಿಗೆ ಎತ್ತಿಡುತ್ತವೆ. ಆಗ ಮೈ ಅತ್ತಿತ್ತ ತೂಗುತ್ತದೆ. ಚಂದ್ರಿಯ ಮಟ್ಟಿಗೆ ತಪ್ಪು ನನ್ನದೇ ಆಗಿತ್ತು: ನಾನು ಸಂಕೋಚದಿಂದ ಹೆಜ್ಜೆ ಎಳೆಯುತ್ತಿದ್ದೆ, ಅದು ಒಂಟೆಯಾಗುತ್ತಿತ್ತು.

ಪ್ರದರ್ಶನ ಒಂದು ಭಾನುವಾರ, ನಗರದ ಮೈದಾನದಲ್ಲಿ. ರಾತ್ರಿ ಬಾಡಿಗೆಯ ಟೆಂಪೋದಲ್ಲಿ ಹೊರಟು ಬೆಳಗಿಗೆ ತಲುಪಿದೆವು. ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಪತ್ರ ತೋರಿಸಿ, ತೋಳಿಗೆ ಸಂಖ್ಯೆ ಕಟ್ಟಿಕೊಂಡು ನೆರಳಿನಲ್ಲಿ ಕುಳಿತೆವು. ಸುತ್ತಲೂ ಮಡಚುವ ಮೇಜುಗಳು, ಬಾಚಣಿಗೆಗಳು, ಬಿಸಿಗಾಳಿಯ ಯಂತ್ರಗಳು. ನಮ್ಮಲ್ಲಿದ್ದುದು ಒಂದು ಹಳೆಯ ಟವೆಲ್ಲು. ಸಣ್ಣ ಕೂದಲಿನ ನಾಯಿಗೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕೆಂದು ಪಕ್ಕದಲ್ಲಿದ್ದ ಹಿರಿಯ ಗೃಹಸ್ಥರೊಬ್ಬರು ತಾವಾಗಿಯೇ ಹೇಳಿದರು. ಅವರು ತಮ್ಮ ತೆಳುವಾದ ಹಗ್ಗವನ್ನೂ ನಮಗೆ ಕೊಟ್ಟರು. ನಾವು ತಂದಿದ್ದ ಅಗಲವಾದ ಚರ್ಮದ ಪಟ್ಟಿ ನಾಯಿಯ ಕತ್ತಿನ ಗೆರೆಯನ್ನೇ ಮುಚ್ಚಿಬಿಡುತ್ತಿತ್ತಂತೆ.

ನಮ್ಮ ವರ್ಗದಲ್ಲಿದ್ದುದು ಮೂರೇ ಹೆಣ್ಣುನಾಯಿಗಳು. ಮೊದಲು ಎಲ್ಲರೂ ಒಟ್ಟಿಗೆ ಕಣವನ್ನು ಸುತ್ತಿದೆವು. ಅನಂತರ ಒಂದೊಂದನ್ನೇ ನಿಲ್ಲಿಸಬೇಕು. ಮುಂಗಾಲುಗಳು ಹೆಗಲಿನ ನೇರಕ್ಕೆ, ಹಿಂಗಾಲಿನ ಹರಡು ನೆಲಕ್ಕೆ ಲಂಬವಾಗಿ. ಮಾವನ ಹೊಲದಲ್ಲಿ ಚಂದ್ರಿ ಹಾಗೆ ಚೆನ್ನಾಗಿಯೇ ನಿಲ್ಲುತ್ತಿತ್ತು. ಆದರೆ ತೀರ್ಪುಗಾರರು ಬಾಯಿ ತೆರೆಯಲು ಕೈಚಾಚಿದೊಡನೆ ಅದು ಹಿಂದಕ್ಕೆ ಸರಿದು ನನ್ನ ಕಾಲುಗಳ ನಡುವೆ ಕುಳಿತುಬಿಟ್ಟಿತು. ಬೆಳೆದ ನಾಯಿಗೆ 42 ಹಲ್ಲುಗಳಿರಬೇಕು. ಮೇಲಿನ ಮುಂಬಲ್ಲುಗಳು ಕೆಳಗಿನವನ್ನು ಕತ್ತರಿಯಂತೆ ಒತ್ತಿ ನಿಂತಿರಬೇಕು. ನಮ್ಮ ನಾಯಿಗೆ ಎಲ್ಲವೂ ಸರಿಯಾಗಿವೆ. ಮಾವನೇ ಎಣಿಸಿದ್ದನು. ಆದರೆ ತೋರಿಸಲಾಗದ ಹಲ್ಲನ್ನು ಯಾರು ನಂಬುವರು? ಎರಡನೆಯ ಪ್ರಯತ್ನದಲ್ಲಿ ಅರೆಬರೆ ನೋಡಲು ಬಿಟ್ಟಿತು. ಮುಂದೆ ನಡೆಸಿ ತೋರಿಸುವಾಗ ನಾನು ಮತ್ತೆ ಹೆಜ್ಜೆ ಎಳೆದೆ.

ಮೂರರಲ್ಲಿ ಮೂರನೆಯ ಸ್ಥಾನ ಬಂತು.

ಮಾವ ಏನೂ ಮಾತಾಡಲಿಲ್ಲ. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. ಮಧ್ಯಾಹ್ನ ತೀರ್ಪುಗಾರರು ಬಿಡುವಾಗಿದ್ದುದನ್ನು ಕಂಡು, ಧೈರ್ಯಮಾಡಿ ಹೋಗಿ ದೋಷವೇನೆಂದು ಕೇಳಿದೆ. ಅವರು ಎದ್ದುಬಂದು, ಮರದ ಕೆಳಗೆ ಮಾವನ ತೊಡೆಗೆ ತಲೆಯಿಟ್ಟು ಮಲಗಿದ್ದ ಚಂದ್ರಿಯನ್ನು ದೂರದಿಂದಲೇ ಕೆಲವು ನಿಮಿಷ ನೋಡಿದರು. ಎದೆ ಒಳ್ಳೆಯದು, ಹೆಗಲು ಗೆದ್ದ ನಾಯಿಗಿಂತಲೂ ಚೆನ್ನಾಗಿದೆ, ಪಾದ ಚೆನ್ನಾಗಿದೆ. ಆದರೆ ನಾನು ನೋಡಬೇಕಾದುದನ್ನು ನೀವು ತೋರಿಸಲಿಲ್ಲ ಎಂದರು. ಆಮೇಲೆ ಮಾವನ ಕಡೆಗೆ ತಿರುಗಿ, ಇದರ ತಾಯಿ ಇನ್ನೂ ಇದೆಯೇ, ಎಷ್ಟು ಸಲ ಮರಿ ಹಾಕಿದೆ, ಮರಿಗಳು ಯಾರಲ್ಲಿವೆ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು.

ಆ ಪ್ರಶ್ನೆಗಳ ಕಾರಣ ನನಗೆ ಬಳಿಕ ಹೊಳೆಯಿತು. ಪ್ರದರ್ಶನದಲ್ಲಿ ಗೆದ್ದ ನಾಲ್ಕಾರು ನಾಯಿಗಳಿಂದಲೇ ಎಲ್ಲರೂ ಮರಿ ಮಾಡಿಸತೊಡಗಿದರೆ ಕೆಲವೇ ತಲೆಮಾರುಗಳಲ್ಲಿ ಎಲ್ಲವೂ ಒಂದಕ್ಕೊಂದು ದಾಯಾದಿಗಳಾಗುತ್ತವೆ. ಅಡಗಿದ ರೋಗಗಳು ಹೊರಬೀಳುತ್ತವೆ. ಹೊರಗಿನ ರಕ್ತ ಇರುವುದು ಹೊಲದ ಗುಡಿಸಲುಗಳಲ್ಲಿ. ಆದರೆ ಆ ನಾಯಿಗಳು ಕಣಕ್ಕೆ ಬರದಿದ್ದರೆ ಅವು ಇವೆಯೆಂಬುದೇ ಪುಸ್ತಕ ಬರೆಯುವವರಿಗೆ ತಿಳಿಯದು. ಬರುವುದಕ್ಕೆ ಕಾಗದ ಬೇಕು, ಪ್ರವೇಶದ ಹಣ ಬೇಕು, ಟೆಂಪೋ ಬಾಡಿಗೆ ಬೇಕು. ನಮ್ಮ ಕಡೆಯ ಕುರಿಗಾರರಲ್ಲಿ ಎಷ್ಟು ಮಂದಿಗೆ ಇದು ಸಾಧ್ಯ? ದೊಡ್ಡವರು ಅಂಚೆಚೀಟಿಯನ್ನು ಕುರಿತು ಭಾಷಣ ಮಾಡುವಾಗ ಈ ಲೆಕ್ಕವನ್ನೂ ಹಾಕಬೇಕೆಂದು ನನಗೆ ತೋರುತ್ತದೆ.

ಊರಿಗೆ ಬಂದ ಮೇಲೆ ಮಾವ ತಾನಾಗಿಯೇ ಒಂದು ಉಪಾಯ ಮಾಡಿದನು. ಸಂಜೆ ಚಂದ್ರಿಯನ್ನು ಗುಡಿಯ ಕಟ್ಟೆಗೆ ಕರೆದೊಯ್ದು, ಅಲ್ಲಿ ಕುಳಿತವರನ್ನೆಲ್ಲ ಹಲ್ಲು ನೋಡಿರೆಂದು ಒತ್ತಾಯಿಸುತ್ತಾನೆ. ಮೊದಲ ವಾರ ಅದು ಯಾರಿಗೂ ಬಾಯಿ ಕೊಡಲಿಲ್ಲ. ಈಗ ಅಂಚೆಯವನಿಗೂ, ಹಿಟ್ಟಿನ ಗಿರಣಿಯವನಿಗೂ, ಚಪ್ಪಲಿ ಹೊಲಿಯುವ ಅಜ್ಜನಿಗೂ ಕೊಡುತ್ತದೆ. ನನ್ನ ನಡಿಗೆಯನ್ನು ತಿದ್ದುವ ಕೆಲಸವನ್ನು ಮಾವ ಬದುವಿನ ಮೇಲೆ ಕುಳಿತೇ ಮಾಡುತ್ತಿದ್ದಾನೆ. ಮುಂದಿನ ಪ್ರದರ್ಶನವು ನನ್ನ ಕೊನೆಯ ಪರೀಕ್ಷೆಯ ಮರುದಿನ ಬಂದಿದೆ. ಪ್ರವೇಶದ ಹಣವನ್ನು ಕಟ್ಟಿಯಾಗಿದೆ.