ಉಪ್ಪುಗಾಳಿಗೆ ಉದುರುವ ಚಾವಣಿ

ಮಲ್ಪೆ ಕಡಲ ಬಳಿಯ ಓದುಗರೊಬ್ಬರ ಮನೆಯ ಸಿಟೌಟ್ ಚಾವಣಿ ಚಕ್ಕೆ ಚಕ್ಕೆಯಾಗಿ ಉದುರುತ್ತಿದೆ. ಸಿಮೆಂಟ್ ಮೆತ್ತಿ ಬಣ್ಣ ಬಳಿದರೆ ಸಾಕೆಂದು ಮೇಸ್ತ್ರಿ ಹೇಳಿದ್ದಾರಂತೆ.

ದಯವಿಟ್ಟು ಒಪ್ಪಬಾರದು.

ಗಾಳಿಯ ಉಪ್ಪು ಕಾಂಕ್ರೀಟಿನೊಳಗೆ ಇಳಿದು ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮೇಲೆ ಮೆತ್ತಿದ್ದು ಹೆಚ್ಚು ಕಾಲ ನಿಲ್ಲದು. ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ನೋಡಲಿ. ಅಲ್ಲಿಯವರೆಗೆ ಚಾವಣಿಯಡಿ ಯಾರೂ ಕೂರುವುದು ಬೇಡ. ಸರಳು ಸವೆದಿದ್ದರೆ ಒಡೆದು ಹೊಸದಾಗಿ ಹಾಕುವುದೇ ಕ್ಷೇಮ. ಆಗ ಕಡಲತಡಿಗೆ ಐಎಸ್ 456 ಸಂಹಿತೆ ಹೇಳುವಂತೆ ಕನಿಷ್ಠ ಎಂ30 ಕಾಂಕ್ರೀಟ್, ಸರಳಿಗೆ 45 ಮಿ.ಮೀ. ಕಾಂಕ್ರೀಟ್ ಹೊದಿಕೆ (ಕವರ್) ಇರಬೇಕು. ಬಾವಿ ನೀರು ಉಪ್ಪಾಗಿದ್ದರೆ ಅದರಲ್ಲಿ ಕಲಸಲೇಬಾರದು.

ಸಣ್ಣ ಸಿಟೌಟಿಗಾದರೆ ಮರದ ಪಕ್ಕಾಸು, ಮಂಗಳೂರು ಹೆಂಚು ಇನ್ನೂ ಒಳ್ಳೆಯದು: ತುಕ್ಕು ಹಿಡಿಯಲು ಅಲ್ಲಿ ಸರಳೇ ಇಲ್ಲ. ಯಾವುದನ್ನೇ ಹೊಸದಾಗಿ ಹಾಕುವುದಾದರೂ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಅನುಮತಿ ಬೇಕೇ ಎಂದು ನಗರಸಭೆಯಲ್ಲಿ ಮೊದಲೇ ವಿಚಾರಿಸಬೇಕು.